ಕೀವಿಲ್ಲದ ಗಾಯ

ಆ ಕೂಸಿಗೆ ಕೀವು ಇರಲಿಲ್ಲ. ಹೇಮಾಳಿಗೆ ಇದೆ, ಬಲಗೈ ಹೆಬ್ಬೆರಳಿನಲ್ಲಿ, ಕಬ್ಬಿನ ಸೋಗೆ ಸೀಳಿದ ಜಾಗದಲ್ಲಿ, ಹಳದಿಯಾಗಿ, ದಪ್ಪಗೆ ತುಂಬಿಕೊಂಡು — ತಂಗಿಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅರಿಷಿಣ ಹಚ್ಚುತ್ತಿದ್ದ ಚಂದ್ರಕಲಾಳ ಬೆರಳು ಅಲ್ಲಿಗೆ ಬಂದು ನಿಂತುಬಿಟ್ಟಿತು, ಎಷ್ಟು ಚಂದದ ಕೀವು ಅನಿಸಿತು ಅವಳಿಗೆ, ಛೀ ಅದನ್ನೇನು ನೋಡ್ಕೊಂತ ಕುಂತಿ, ಬಟ್ಟಿ ಸುತ್ತಲೇ, ಗಂಡಿನ ಕಡ್ಯಾರು ಬರೋ ಹೊತ್ತಾತು ಎಂದಳು ತಾಯಿ ತಾಯಕ್ಕ, ಗಂಡಿನ ಕಡೆಯವರು ಅಂದರೆ ಯಾರು, ಮೆಟ್ರಿ ಊರಿನ ಇದೇ ಓಣಿಯ ಆಚೆ ತುದಿಯವರು, ತಾಯಕ್ಕನ ತಾಯಿ ಭರಮಮ್ಮ, ತಾಯಕ್ಕನ ಕಿರಿತಮ್ಮ ಯಲ್ಲೇಶ್, ಹಿರಿತಮ್ಮ ನಾಗಭೂಷಣನಿಗೆ ಚಂದ್ರಕಲಾಳನ್ನು ಕೊಟ್ಟಾಗಿದೆ, ಈಗ ಕಿರಿಯವನಿಗೆ ಹೇಮಾ, ಅಕ್ಕನ ಮಕ್ಕಳು ತಮ್ಮಂದಿರಿಗೇ ಆಗಬೇಕು, ಕಾಲುವೆ ನೀರಿನ ಹೊಲ ಹೊರಗೆ ಹೋಗಬಾರದು, ಹುಡುಗಿಯೂ ಹೋಗಬಾರದು, ರಕ್ತವೂ ಹೋಗಬಾರದು, ಹೋಗಲಿಲ್ಲ, ಅದೇ ತೊಂದರೆಯಾಯಿತು, ಎಲ್ಲಿಗೂ ಹೋಗದೆ ಇದೇ ಎರಡು ಮನೆಗಳ ನಡುವೆ ಸುತ್ತು ಹಾಕಿತು. ಉರಿತೈತಕ್ಕಾ ಎಂದಳು ಹೇಮಾ. ಉರೀಲಿ. ಉರಿದರೆ ಒಳಗೆ ಯಾರೋ ಬಂದು ಹೊಡೆದಾಡುತ್ತಿದ್ದಾರೆ ಎಂದರ್ಥ.

ಚಂದ್ರಕಲಾಳ ಮೊದಲನೆಯದು ಗಂಡು. ಹೊಕ್ಕಳ ಬಳ್ಳಿ ವಾರ ಕಳೆದರೂ ಉದುರಲಿಲ್ಲ, ಎರಡನೇ ವಾರಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ, ಒಣಗಿದ ಸುರುಳಿ ಹಾಗೇ ಅಂಟಿಕೊಂಡಿತ್ತು, ಭರಮಮ್ಮ ಕಟ್ಟೆ ಕಟ್ಟೆಗೆ ಹೇಳಿಕೊಂಡು ಬಂದಳು, ನಮ್ಮ ಕೂಸು ತಾಯಿನ್ನ ಬಿಡವಲ್ದು, ಭಾಳ ಮಾಯಿ ಕೂಸು. ಆ ಮನೆಯಲ್ಲಿ ಬಳ್ಳಿ ಉದುರಿದ ಮೇಲೆಯೇ ತೊಟ್ಟಿಲು, ತೊಟ್ಟಿಲಿಗೆ ಹಾಕಿದ ಮೇಲೆಯೇ ಹೆಸರು, ಹೆಸರಿಟ್ಟ ಮೇಲೆಯೇ ಅದು ಮನೆಯ ಮಗು, ಕಾಯ್ತಾ ಕೂತರು, ಹೊಕ್ಕಳ ಸುತ್ತ ಕೆಂಪೇರಿತು, ಕೆಂಪು ಹೊಟ್ಟೆಯ ಮೇಲೆ ಹಬ್ಬಿತು, ಕೂಸಿಗೆ ನೀರೆರೆಯಲು ಬರುತ್ತಿದ್ದ ಕೊಟ್ರಮ್ಮ ಒತ್ತಿ ನೋಡಿ, ಕೀವಿಲ್ಲ ತಗಿಯವ್ವ, ಚೊಲೋ ಐತಿ, ಏನೂ ಆಗಂಗಿಲ್ಲ ಎಂದಳು. ಚೊಲೋ ಇತ್ತು. ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು ಗಾಯ. ಐದನೇ ವಾರಕ್ಕೆ ಕಾಲುವೆ ದಂಡೆಯಲ್ಲಿ ಗುಂಡಿ ತೋಡಿದರು, ಸೂತಕವಿಲ್ಲ, ಹಾಲು ತುಪ್ಪವಿಲ್ಲ, ಹೆಸರಿಲ್ಲದ್ದಕ್ಕ ಅಳಬಾರ್ದು, ಮುಂದಿಂದಕ್ಕ ಕೆಟ್ಟದ್ದು ಎಂದಳು ಭರಮಮ್ಮ, ಅಜ್ಜಿಯಾಗಿ ಹೇಳಿದಳೋ ಅತ್ತೆಯಾಗಿ ಹೇಳಿದಳೋ, ಚಂದ್ರಕಲಾ ಅಳಲಿಲ್ಲ, ಎದೆಯಲ್ಲಿ ಹಾಲು ಕಟ್ಟಿ ಕುಪ್ಪಸ ತೊಯ್ದಿತು, ಅದಕ್ಕೆ ಯಾರೂ ನಿಯಮ ಹೇಳಿರಲಿಲ್ಲ. ಎರಡನೆಯದು ಹೆಣ್ಣು, ಅದೇ ಬಳ್ಳಿ, ಅದೇ ಕೆಂಪು, ಅದೇ ದಂಡೆ. ಆಮೇಲೆ ನಲ್ಲಿಯ ಹತ್ತಿರ ಓಣಿಯ ಸುಂಕಲಮ್ಮ, ಕೊಡ ತುಂಬುತ್ತಲೇ, ಆಕಿ ಎದಿ ಹಾಲ ವಿಷ ನೋಡ್ರಿ ಎಂದಳು. ಚಂದ್ರಕಲಾ ಕೊಡವನ್ನು ಅಲ್ಲೇ ಕುಕ್ಕಿ, ನೀ ಕುಡದು ನೋಡೀಯೇನು ಎಂದಿದ್ದಳು. ಅವತ್ತಿನಿಂದ ಬಾಯಿಬಡುಕಿ ಅನ್ನುವುದೂ ಸೇರಿಕೊಂಡಿತು.

ಮೂರನೆಯದು ಪಂಪಣ್ಣ. ಅವನ ಬಳ್ಳಿ ಉದುರುವುದನ್ನು ಆಕೆ ಕಾಯಲಿಲ್ಲ, ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊಸಪೇಟೆಗೆ ಹೋದಳು, ಆಸ್ಪತ್ರೆಯಲ್ಲಿ ಔಷಧಿ ಹಾಕಿ ಉಳಿಸಿದರು, ಬಳ್ಳಿ ತಡವಾಗಿ ಬಿತ್ತು, ತೊಟ್ಟಿಲಾಯಿತು, ಹೆಸರಾಯಿತು, ನಕ್ಕ, ಮಗುಚಿಕೊಂಡ, ಆಮೇಲೆ ಸೂಜಿ ಚುಚ್ಚಿದ ಹಿಮ್ಮಡಿ ಕಪ್ಪಾಯಿತು, ಕಪ್ಪಾಗಿ ತೂತಾಯಿತು, ಆ ತೂತಿನಲ್ಲೂ ಕೀವಿಲ್ಲ — ರಕ್ತದಲ್ಲಿ ಬಿಳಿ ಕಣ ಎಷ್ಟಿದ್ದವೆಂದರೆ ಮಷಿನ್ ಕೆಟ್ಟಿದೆ ಎಂದು ಲ್ಯಾಬಿನವನು ಮತ್ತೊಮ್ಮೆ ರಕ್ತ ತೆಗೆದ. ಬೆಂಗಳೂರಿನ ಡಾಕ್ಟರಮ್ಮ ಹೇಳಿದ್ದು, ನೋಡಮ್ಮ, ಕಾಯೋ ಕಣಗಳು ಬೇಕಾದಷ್ಟಿವೆ, ಆದರೆ ರಕ್ತನಾಳದ ಗೋಡೆ ಹಿಡಿದು ನಿಲ್ಲೋ ಕೊಕ್ಕೆ ಇಲ್ಲ, ಗಾಯದ ಪಕ್ಕದಲ್ಲೇ ಹರಿದು ಹೋಗ್ತವೆ, ಇಳಿಯೋಕೆ ಬರಲ್ಲ, ಇಳಿದು ಹೊಡೆದಾಡಿ ಸತ್ತರೆ ತಾನೇ ಕೀವು. ಚಂದ್ರಕಲಾಳಿಗೆ ತಕ್ಷಣ ಕಂಡದ್ದು ಬೆಳಗಿನ ಕಂಪ್ಲಿ ಬಸ್ಸು, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ, ಕೈ ಮಾಡಿದರೂ ನಿಲ್ಲದೆ ಧೂಳೆಬ್ಬಿಸಿ ಹೋಗುವ ಬಸ್ಸು, ಒಂದರ ಹಿಂದೆ ಒಂದು. ಯಾರಿಂದ ಬಂತ್ರಿ ಇದು, ನನ್ನಿಂದನಾ? ನಿಮ್ಮೊಬ್ಬರಿಂದ ಬರೋಕೆ ಸಾಧ್ಯವೇ ಇಲ್ಲ, ಕೆಟ್ಟ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಸೇರಿದರೆ ಮಾತ್ರ, ಒಂದೇ ಇದ್ದವರು ಗಟ್ಟಿಮುಟ್ಟಾಗಿರ್ತಾರೆ, ಗೊತ್ತೇ ಆಗಲ್ಲ. ಪಕ್ಕದಲ್ಲಿ ನಾಗಭೂಷಣ ನೆಲ ನೋಡುತ್ತಿದ್ದ. ನೋಡಲಿ. ಇಷ್ಟು ವರ್ಷ ಆಕೆ ನೋಡಿದ ನೆಲ. ಮೂಳೆಯ ಮಜ್ಜೆ ಬದಲಿಸಬಹುದು ಎಂದಳು ಡಾಕ್ಟರಮ್ಮ, ಹೊಂದುವವರು ಸಿಗಬೇಕು, ಈಗ ಹೊರದೇಶದಲ್ಲಿ ಮಗುವಿನದೇ ಕಣ ತೆಗೆದು, ಅದರೊಳಗೆ ಸರಿಯಾದ ಜೀನ್ ಸೇರಿಸಿ, ಮತ್ತೆ ಅದೇ ಮಗುವಿಗೆ ಕೊಡ್ತಿದ್ದಾರೆ, ಹಾಗೆ ಕೊಟ್ಟ ಮಕ್ಕಳು ಬದುಕಿದ್ದಾರೆ, ಇಲ್ಲಿಗೆ ಬರೋಕೆ ಹೊತ್ತು ಹಿಡಿಯುತ್ತೆ. ಪಂಪಣ್ಣನಿಗೆ ಆ ಹೊತ್ತು ಇರಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ನಾಗಭೂಷಣ ಹೇಳಿದ್ದು ಒಂದೇ ಮಾತು, ಮನ್ಯಾಗ ಹೇಳಬ್ಯಾಡ. ಹೇಳಿದಳು. ತಾಯಕ್ಕ ಕಿವಿ ಮುಚ್ಚಿಕೊಂಡಳು. ಡಾಕ್ಟರಮ್ಮ ಇನ್ನೊಂದು ಮಾತೂ ಹೇಳಿದ್ದಳು, ನಿಮ್ಮ ತಂಗಿಗೆ ಆ ಜೀನ್ ಒಂದು ಇರಬಹುದು, ನಿಮ್ಮ ಯಜಮಾನರ ತಮ್ಮನಿಗೂ ಇರಬಹುದು, ಇಲ್ಲದೆಯೂ ಇರಬಹುದು, ರಕ್ತ ಕೊಟ್ಟರೆ ತಿಳಿಯುತ್ತೆ.

ಗಂಡಿನ ಕಡೆಯವರು ಬಂದರು, ಕುಂದ್ರಿ ಕುಂದ್ರಿ, ಚಾಪೆ, ಚಹಾ, ಚಂದ್ರಕಲಾ ನೀ ಒಳಗ ಇರು, ಮುತ್ತೈದ್ಯಾರು ಮುಂದ ಬರ್ಲಿ ಎಂದಳು ಭರಮಮ್ಮ, ಚಂದ್ರಕಲಾಳೂ ಮುತ್ತೈದೆಯೇ, ಗಂಡ ಅಲ್ಲೇ ಕಂಬಕ್ಕೊರಗಿ ಕೂತಿದ್ದಾನೆ, ಆದರೂ ಒಳಗೆ, ಒಳಗೆ ಇರಲಿಲ್ಲ ಆಕೆ, ಹೊರಗೆ ಬಂದಳು, ಎಲೆ ಅಡಿಕೆಯ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿಕೊಂಡಳು, ಕೊಡಲಿಲ್ಲ. ಯಲ್ಲೇಶ ಮಾವ, ರಕ್ತ ಕೊಟ್ಟು ಬಂದಿಯೇನು? ಯಲ್ಲೇಶ್ ಸಂಡೂರಿನ ಗಣಿಯಲ್ಲಿ ಸೂಪರ್‌ವೈಸರು, ಇಸ್ತ್ರಿ ಅಂಗಿ, ನಗುತ್ತಾನೆ, ನನ್ನ ರಕ್ತ ಗಣಿ ಅದುರಲೇ, ಕಬ್ಬಿಣ ತುಂಬೇತಿ, ಟೆಸ್ಟ್ ಮಾಡಾಕ ಬಂದ ಸೂಜಿನ ಮುರೀತೈತಿ. ಎಲ್ಲರೂ ನಕ್ಕರು. ಸೂಜಿ, ಹಿಮ್ಮಡಿ, ಕಪ್ಪು ತೂತು, ಕೆಂಪು ಅಂಚು, ಸ್ವಚ್ಛ — ನಿನ್ನ ಅಣ್ಣಂದೂ ಅದುರೇ ಇತ್ತು ಮಾವ, ನಂದೂ ಅದುರೇ, ನಾವಿಬ್ರೂ ಒಂದು ದಿನ ಜ್ವರ ಅಂತ ಮಲಗಿಲ್ಲ ಎಂದಳು ಚಂದ್ರಕಲಾ. ಆ ತಟ್ಟಿ ಇಡಲೇ, ತಾನು ಮುಳುಗಿದಾಕಿ ತಂಗಿನ್ನೂ ಎಳೀತಾಳ ಎಂದಳು ಭರಮಮ್ಮ. ಹೌದಮ್ಮ, ಎಳೀತೀನಿ, ದಂಡಿ ಕಡೆ. ಇಬ್ಬರೂ ರಕ್ತ ಕೊಡ್ಲಿ, ಇಬ್ಬರಾಗೂ ಅದಿದ್ರ ಈ ಸಂಬಂಧ ಬ್ಯಾಡ, ಇಲ್ಲಂದ್ರ ನಾನೇ ಎಲಿ ಹಂಚ್ತೀನಿ. ತಾಯಕ್ಕ ಸೆರಗು ಬಾಯಿಗಿಟ್ಟಳು. ಕೈ ಮುಂದ ಮಾಡಲೇ ಹೇಮಾ, ಹಸರ ಬಳಿ ಇಡ್ಸ್ಕೊ ಎಂದಳು ಭರಮಮ್ಮ. ಹೇಮಾ ಎರಡೂ ಕೈಗಳನ್ನು ಮಂಡಿಗಳ ನಡುವೆ ತೂರಿಸಿ ಗಟ್ಟಿಯಾಗಿ ಹಿಡಿದುಕೊಂಡಳು. ಟೆಸ್ಟ್ ಆಗ್ಲಿ ಅಮ್ಮ. ಸಣ್ಣ ದನಿ, ಆದರೆ ಹೊರಗಿನ ಕಟ್ಟೆಯವರೆಗೆ ಕೇಳಿತು. ಯಲ್ಲೇಶನ ನಗು ಅರ್ಧಕ್ಕೆ ನಿಂತಿತು. ಭರಮಮ್ಮ ಎದ್ದು ನಿಂತಳು, ಸೀರೆ ಕೊಡವಿದಳು, ಕೂತವರ ಕಡೆ ತಿರುಗಿದಳು, ಏನ್ರಪಾ ಇದು, ಒಂದು ಕೂಸು ಹೋದದ್ದಕ್ಕ ಊರ ಮುಂದ ಇಷ್ಟು ಗದ್ಲ, ಯಾರ ಮನ್ಯಾಗ ಹೋಗಿಲ್ಲ ಒಂದು ಕೂಸು?

ಒಂದು. ಹೆಸರಿದ್ದದ್ದು ಒಂದು. ಚಂದ್ರಕಲಾ ತಟ್ಟೆಯನ್ನು ನೆಲಕ್ಕಿಟ್ಟಳು, ಯಾರ ಮುಂದೆಯೂ ಅಲ್ಲ, ತನ್ನ ಕಾಲ ಹತ್ತಿರ, ಒಂದಲ್ಲಮ್ಮ ಎಂದಳು, ದನಿ ಏರಿಸಲಿಲ್ಲ, ಮುಂದೇನು ಹೇಳಬೇಕೆಂದು ಹುಡುಕಲೂ ಇಲ್ಲ. ಮೂರು. ಎರಡು ಗಂಡು, ಒಂದು ಹೆಣ್ಣು.