ಬೆನ್ನಿನ ಹಿಡಿಕೆ

ಸೂಜಿ ಎದ್ದು ನಿಂತಿದೆ, ಇಳಿಯುತ್ತಿಲ್ಲ, ಪೆಡಲಿನ ಮೇಲಿರುವ ಕಾಲು ತನ್ನದೇ, ಆದರೂ ಯಾರಾದರೂ ಬಂದು ಒತ್ತಿಕೊಡಲಿ ಅನ್ನುವ ಹಾಗೆ ಅವಳು ಕೂತಿದ್ದಾಳೆ, ಎದುರಿಗೆ ನೀಲಿ ಸೂಟು ಬೋರಲು ಬಿದ್ದಿದೆ, ಬೆನ್ನು ಬೋಳು, ಹಿಡಿಕೆಯೊಂದು ಬಾಕಿ — ಬಾಹ್ಯಾಕಾಶಕ್ಕೆ ಹೋಗಿಬರುವವರಿಗೆಲ್ಲ ಇಷ್ಟು ವರ್ಷ ಹೊಲಿದದ್ದು ಅವಳೇ, ಭುಜಗಳ ನಡುವೆ ಅಂಗೈ ಅಗಲದ ದಪ್ಪ ಪಟ್ಟಿ, ಮೇಲೆ ಭಾರವೇ ಇಲ್ಲದೆ ಮೈಮರೆತು ತೇಲುವವರನ್ನು ಅದನ್ನು ಹಿಡಿದೆಳೆದು ಸೀಟಿಗೆ ಕಟ್ಟಬೇಕಂತೆ, ಇಲ್ಲ ಅಂದ್ರೆ ಗುರುತ್ವ ವಾಪಸ್ ಬಂದಾಗ ಮೂಟೆ ಬಿದ್ದ ಹಾಗೆ ಬೀಳ್ತಾರೆ ಕಣಮ್ಮಾ, ತರಬೇತಿಯ ಮೇಷ್ಟ್ರು ಹೇಳಿದ್ದು, ಮೂಟೆಯ ವಿಷಯ ಅವಳಿಗೆ ಹೇಳಿಕೊಡಬೇಕೇ. ಆಕಾಶ ಎಲ್ಲರದ್ದು ಅಂತ ಗೋಡೆ ತುಂಬ ಅಂಟಿಸಿ ಕೆಲಸದವರಲ್ಲೂ ಒಬ್ಬರಿಗೆ ಮೇಲೆ ಹೋಗುವ ಸೀಟು ಅಂತ ಚೀಟಿ ಎತ್ತಿದರು, ಹಾಳಾದ ಚೀಟಿ, ಅವಳ ಹೆಸರೇ ಬರಬೇಕೇ, ಹಾರುವ ಮೊದಲು ತರಬೇತಿಗೆ ಅಂತ ಮೂರು ದಿನ ಅಲ್ಲೇ ಇರಬೇಕು, ಮೂರು ದಿನ ಅಕ್ಕನ ಮಗ್ಗುಲು ಬದಲಿಸುವವರು ಯಾರು. ಹಗಲು ಅತ್ತಿಗೆ ಬರುತ್ತಾಳೆ, ಸರಿ, ರಾತ್ರಿ? ಹೋದ ಸಲ ಒಂದು ರಾತ್ರಿ ನಂಬಿ ಬಿಟ್ಟಿದ್ದಕ್ಕೆ ಅತ್ತಿಗೆ ಗೊರಕೆ ಹೊಡೆದಳು, ಅಕ್ಕನ ಬೆನ್ನಲ್ಲಿ ಹುಣ್ಣಾಯಿತು, ಏನ್ಮಾಡ್ಲೇ, ಎತ್ತೋಕೆ ಹಿಡಿಯೋದಾದ್ರೂ ಎಲ್ಲಿ, ಮೈ ಎಲ್ಲಾ ಜಾರುತ್ತೆ, ಅಂದಳು ಅತ್ತಿಗೆ. ಅದಕ್ಕೇ ಅಲ್ಲವೇ ಅವಳು ತನ್ನ ಸೂಟಿನ ಪಟ್ಟಿಯನ್ನೇ ಒಯ್ದು ಅಕ್ಕನ ನೈಟಿಯ ಬೆನ್ನಿಗೆ ಹೊಲಿದದ್ದು, ಮೂರೆಳೆ ದಾರ ಹಾಕಿ, ಹೋಗುವುದೇ ಇಲ್ಲ ಅಂದಮೇಲೆ ಯಾರ ಬೆನ್ನಿಗಾದರೇನು, ಉಗ್ರಾಣದವನು ಸೂಟಿಗೆ ಒಂದೇ ತುಂಡು ಕೊಡುವುದು, ಅಕ್ಕನಿಗೆ ಮಾತ್ರ ಕಸದಲ್ಲಿ ಸಿಕ್ಕಿದ ಚೂರು ಅಂದಿದ್ದಳು. ಆದರೆ ನಿಜ ಗೊತ್ತಿದ್ದ ಅತ್ತಿಗೆಯ ಬಾಯಲ್ಲಿ ಮಾತು ನಿಲ್ಲಬೇಕಲ್ಲ.

ಚಂದ್ರನ ಮೇಲೆ ನಿನ್ನ ತೂಕ ಆರರಲ್ಲಿ ಒಂದು ಪಾಲು ಅಕ್ಕಾ, ಒಂದೇ ಕೈಯಲ್ಲಿ ಎತ್ತುತ್ತಿದ್ದೆ, ಗುರುಗ್ರಹದಲ್ಲಿ ಎರಡರಷ್ಟಕ್ಕೂ ಜಾಸ್ತಿ, ಅಂದಿದ್ದಳು ಒಮ್ಮೆ — ನಮ್ಮ ಮನೇನೇ ಗುರುಗ್ರಹ ಬಿಡು, ಅಂತ ಅಕ್ಕ ನಕ್ಕಿದ್ದಳು, ನಗುವಾಗ ಎದೆಯವರೆಗೆ ಮಾತ್ರ ಅಲುಗುತ್ತಾಳೆ, ಕೆಳಗೆಲ್ಲ ಸ್ವಾಧೀನ ತಪ್ಪಿ ಎಷ್ಟು ವರ್ಷ, ಅಮ್ಮ ಹೋದಮೇಲೆ ಪುಟ್ಟ ತಂಗಿ ಇವಳನ್ನು ಸೊಂಟದ ಮೇಲೇರಿಸಿಕೊಂಡೇ ಅಡುಗೆ ಮಾಡಿದವಳು, ನಿನ್ನ ಹೊತ್ತೂ ಹೊತ್ತೂ ನನ್ನ ಸೊಂಟ ಹೋಯ್ತು ಕಣೇ ಅಂತ ತಮಾಷೆ ಮಾಡುತ್ತಾಳೆ, ತಮಾಷೆಯೇ, ಇರಬಹುದು. ಈಗ ಊಟದ ಹೊತ್ತಿಗೆ, ರಾತ್ರಿಯೆಲ್ಲ ಅಕ್ಕನ ಹಾಸಿಗೆ ಪಕ್ಕ ಇದ್ದ ಡಬ್ಬಿಯ ಚೀಲ ಬಿಚ್ಚಿದರೆ ಅಕ್ಕನ ಕರ್ಚೀಫು, ಕರ್ಚೀಫಿನಲ್ಲಿ ಪಟ್ಟಿ, ಪಟ್ಟಿಯ ತುದಿಯಲ್ಲಿ ಹಲ್ಲಿನ ಗುರುತು. ಕತ್ತರಿಯನ್ನು ಯಾರು ಕೊಡುತ್ತಾರೆ ಅಕ್ಕನ ಕೈಗೆ, ಇವಳು ಸ್ನಾನಕ್ಕೆ ಹೋದಾಗ ನೈಟಿಯನ್ನು ಹಿಂದುಮುಂದಾಗಿ ಎಳೆದುಕೊಂಡಿರಬೇಕು, ಮನುಷ್ಯರ ಭಾರ ತಡೆಯಲಿ ಅಂತ ಹಾಕಿದ ಹೊಲಿಗೆ, ಇರುವ ನಾಲ್ಕು ಹಲ್ಲಿನಲ್ಲಿ — ಬೆಳಿಗ್ಗೆ ಹೊರಡುವಾಗ ಇವತ್ತು ನಾನೇ ಮಗ್ಗುಲಾದೆ ಕಣೇ, ಮುಟ್ಟಬೇಡ, ಹೊದಿಕೆ ತೆಗೀಬೇಡ, ಚಳಿ, ನೀನು ಹೊರಡು ಅಂದಳಲ್ಲ, ತಾನಾಗಿ ಹೇಗೆ ಮಗ್ಗುಲಾದಾಳು ಅಂತ ಕೇಳಬೇಕಿತ್ತು, ಕೇಳಲಿಲ್ಲ, ಸದ್ಯ, ಒಂದು ಸಲ ಎತ್ತುವುದು ತಪ್ಪಿತು ಅನ್ನಿಸಿತು, ಅಷ್ಟು ಸಾಕಾಗಿತ್ತು, ಹಾಯೆನ್ನಿಸಿತು, ಹಾಯೆನ್ನಿಸಿತಲ್ಲ.

ಏನಮ್ಮಾ, ಹೋಗ್ತೀಯೋ ಇಲ್ವೋ, ಬಾಗಿಲಲ್ಲಿ ಸೂಪರ್‌ವೈಸರು, ಸಂಜೆ ಒಳಗೆ ಸೂಟು ಕೊಡು, ಇಲ್ಲಾಂದ್ರೆ ಇನ್ನೊಬ್ಬರನ್ನ ಕಳಿಸ್ತೀವಿ. ಕೊಡ್ತೀನಿ ಸಾರ್ ಅಂದವರು ಯಾರು, ತಾನೇ, ಕೊಡಬೇಕು, ಮೇಲೆ ಹೋದರೆ ಬರೀ ನಾಲ್ಕು ನಿಮಿಷ ಯಾರ ಭಾರವೂ ಇಲ್ಲ, ತನ್ನದೂ ಇಲ್ಲ, ಅಷ್ಟು ಹೊತ್ತು ಅಕ್ಕ ಅದೇ ಮಗ್ಗುಲಲ್ಲಿ, ಬೆಳಿಗ್ಗೆಯಿಂದ ಅದೇ ಮಗ್ಗುಲಲ್ಲಿ, ಅತ್ತಿಗೆ ಹಿಡಿಕೆ ಹುಡುಕುತ್ತಿರಬಹುದು, ಪಟ್ಟಿಯನ್ನು ನೀಲಿ ಬೆನ್ನಿನ ಮೇಲಿಟ್ಟಳು, ನೇರ ಮಾಡಿದಳು, ಕಾಲು ಒತ್ತಬೇಕು, ಸೂಜಿ ಸರಿಯಾಗಿ ಅದರ ಮೇಲೇ ಬಂದು ನಿಂತಿದೆ, ತುದಿಯಲ್ಲಿ, ಇನ್ನೂ ಒಣಗದ ಹಾಗಿರುವ ಆ ಹಲ್ಲಿನ ಗುರುತು, ಹಲ್ಲಿನ ಗುರುತು