ಒಂದೇ ನಂಬರಿನವರು

ವಿಜಯನಗರದ ಡಾಕ್ಟರ್ ಅನಂತಲಕ್ಷ್ಮಿಯವರ ಸಕ್ಕರೆ ಕಾಯಿಲೆ ಕ್ಲಿನಿಕ್ಕಿಗೆ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಹೆಂಗಸರಿಂದ ಹಿಡಿದು ರಿಟೈರಾದ ಮೇಷ್ಟ್ರುಗಳವರೆಗೆ ಎಲ್ಲ ಥರದವರೂ ಬರುತ್ತಿದ್ದರು. ಯಾರಿಗೆ ಯಾವ ಮಾತ್ರೆ, ಯಾರಿಗೆ ಎಷ್ಟು ಇನ್ಸುಲಿನ್ ಎಂಬುದೆಲ್ಲ ರಿಸೆಪ್ಷನ್ನಿನ ಕಂಪ್ಯೂಟರಿನಲ್ಲಿತ್ತು. ಆ ಸಾಫ್ಟ್‌ವೇರ್ ಮಾಡಿಕೊಟ್ಟವರು ಬಸವೇಶ್ವರನಗರದ ಸುಧೀಂದ್ರ. ಬೇಕರಿಯೊಂದರ ಮೇಲಿನ ಎರಡು ರೂಮುಗಳಲ್ಲಿ ಅವರ ಕಂಪನಿ. ಕ್ಲಿನಿಕ್ಕಿನ ಕೆಲಸ ನೋಡಿಕೊಳ್ಳುತ್ತಿದ್ದವಳು ಆ ಕಂಪನಿಯಲ್ಲಿ ಕೆಲಸಕ್ಕಿದ್ದ ನೀಲಾಂಬಿಕಾ. ಗದಗಿನ ಕಡೆಯವಳು, ಲಗ್ಗೆರೆಯಲ್ಲಿ ಅಕ್ಕನ ಮನೆಯಲ್ಲಿದ್ದಳು.

ರಿಪೋರ್ಟು ಪೇಷಂಟಿನ ಫೋನಿಗೇ ಹೋಗಬೇಕು ಎಂದು ಡಾಕ್ಟರು ಕೇಳಿದ್ದರು. ಅದಕ್ಕಾಗಿ ಸುಧೀಂದ್ರ ಹೊಸ ಆವೃತ್ತಿ ತಯಾರು ಮಾಡಿದರು. ಅದರಲ್ಲಿ ಪ್ರತಿ ಪೇಷಂಟಿನ ಗುರುತು ಫೋನ್ ನಂಬರು. ಅದನ್ನು ನೋಡಿದ ಕೂಡಲೇ ನೀಲಾಂಬಿಕಾಗೆ ದಿಗಿಲಾಯಿತು.

"ಸಾರ್, ಅಲ್ಲಿ ಎಷ್ಟೋ ಮನೆಗಳಲ್ಲಿ ಎಲ್ರೂ ಒಂದೇ ನಂಬರ್ ಕೊಟ್ಟಿದಾರೆ. ಇದನ್ನ ಹಾಕಿದ್ರೆ ಗಂಡ, ಹೆಂಡ್ತಿ, ಅತ್ತೆ ಎಲ್ಲಾ ಸೇರಿ ಒಬ್ಬನೇ ಪೇಷಂಟ್ ಆಗ್ಬಿಡ್ತಾರೆ."

"ಈ ಕಾಲದಲ್ಲಿ ಯಾರ ಹತ್ರ ಫೋನಿಲ್ಲ ಹೇಳಮ್ಮ?" ಎಂದರು ಸುಧೀಂದ್ರ.

"ಕೆಲವು ದಿನ ಟೈಮ್ ಕೊಡಿ ಸಾರ್. ಹಳೇ ಡೇಟಾದ ಕಾಪಿ ಮೇಲೆ ಓಡಿಸಿ ನೋಡ್ತೀನಿ. ಸರಿ ಹೋದ್ರೆ ಹಾಕೋಣ."

"ಸೋಮವಾರ ಡಾಕ್ಟರ ಹೊಸ ಬ್ರಾಂಚ್ ಓಪನಿಂಗು. ಅಷ್ಟರೊಳಗೆ ಕೊಡ್ತೀನಿ ಅಂತ ಹೇಳಾಗಿದೆ. ನೀನು ಎಲ್ಲದಕ್ಕೂ ಹೆದರ್ತೀಯ."

ಶನಿವಾರ ಮಧ್ಯಾಹ್ನ ನೀಲಾಂಬಿಕಾ ಕ್ಲಿನಿಕ್ಕಿಗೆ ಹೋದಳು. ಏನೇ ಬದಲಾಯಿಸುವ ಮೊದಲೂ ಇರುವುದರ ನಕಲು ತೆಗೆದಿಡುವುದು ಅವಳ ಅಭ್ಯಾಸ. ಅಲ್ಲಿನ ಕಂಪ್ಯೂಟರಿನಲ್ಲಿ ಜಾಗವೇ ಇರಲಿಲ್ಲ. ತನ್ನ ಬ್ಯಾಗಿನಿಂದ ಹಾರ್ಡ್‌ಡಿಸ್ಕ್ ತೆಗೆದು, ರಿಸೆಪ್ಷನ್ನಿನ ದಾನಮ್ಮನನ್ನು ಕೇಳಿದಳು.

"ಅಕ್ಕಾ, ಇದ್ರಾಗ ಒಂದ್ ಕಾಪಿ ತಗೊಳ್ಲೇನ್ರೀ?"

"ತಗೋ ತಂಗಿ. ನಾ ಏನ್ ಬ್ಯಾಡ ಅಂತೀನಿ?" ಎಂದು ದಾನಮ್ಮ ಡಬ್ಬಿ ತೆರೆದು ಅರ್ಧ ರೊಟ್ಟಿ ಅವಳ ಕಡೆ ಸರಿಸಿದಳು. ದಾನಮ್ಮ ಇಳಕಲ್ಲಿನವಳು. ಊರ ಮಾತು ಆಡಲು ಆ ಕ್ಲಿನಿಕ್ಕಿನಲ್ಲಿ ಅವರಿಬ್ಬರಿಗೆ ಅವರಿಬ್ಬರೇ.

ನಕಲು ಮುಗಿದ ಮೇಲೆ ನೀಲಾಂಬಿಕಾ ಅದನ್ನು ತೆರೆದು, ಅಲ್ಲಲ್ಲಿ ಕೆಲವರ ಹೆಸರು ಹುಡುಕಿ, ಎಲ್ಲ ಇದೆ ಎಂದು ಖಾತ್ರಿ ಮಾಡಿಕೊಂಡಳು. ಸುಧೀಂದ್ರರಿಗೆ ಫೋನ್ ಮಾಡಿ ಹೇಳಿದಳು: "ನನ್ನ ಡಿಸ್ಕಲ್ಲಿ ಕಾಪಿ ತಗೊಂಡಿದೀನಿ ಸಾರ್. ಆದ್ರೆ ನಂಬರಿನ ತೊಂದರೆ ಹಾಗೇ ಇದೆ. ಅದನ್ನ ಸರಿ ಮಾಡದೆ ನಾನು ಹಾಕಲ್ಲ."

"ಆಯ್ತು, ನೀನು ಮನೆಗೆ ಹೋಗು" ಎಂದರು ಅವರು. ಭಾನುವಾರ ಮನೆಯಲ್ಲೇ ಕೂತು, ಯಾರಿಗೂ ಹೇಳದೆ, ಕ್ಲಿನಿಕ್ಕಿನ ಕಂಪ್ಯೂಟರಿಗೆ ಹೊಸ ಆವೃತ್ತಿ ಹಾಕಿಬಿಟ್ಟರು.

ಸೋಮವಾರ ಡಾಕ್ಟರ ಹೊಸ ಬ್ರಾಂಚಿನಲ್ಲಿ ಸುಧೀಂದ್ರರಿಗೆ ಹಾರ ಬಿತ್ತು. ಮರುದಿನ ಹಳೆ ಕ್ಲಿನಿಕ್ಕಿಗೆ ಪಾರವ್ವ ಬಂದಳು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಗುಂಡಿ ಹೊಲಿಯುವವಳು. ಅವಳ ಗಂಡ ರಾಚಪ್ಪನೂ ಅದೇ ಕ್ಲಿನಿಕ್ಕಿನ ಪೇಷಂಟು. ಇಬ್ಬರೂ ಕೊಟ್ಟಿದ್ದದ್ದು ಮಗ ರುದ್ರೇಶನ ನಂಬರು. ದಾನಮ್ಮ ನಂಬರು ಒತ್ತಿದಾಗ ಪರದೆಯ ಮೇಲೆ ರಾಚಪ್ಪನ ಹೆಸರೊಂದೇ ಬಂತು. ಮನೆ ಯಜಮಾನನ ಹೆಸರು ತೋರಿಸುತ್ತಿರಬೇಕು ಎಂದುಕೊಂಡು ಆಕೆ ಅದನ್ನು ಅಳಿಸಿ ಪಾರವ್ವ ಎಂದು ಬರೆದು ಒಳಗೆ ಕಳಿಸಿದಳು. ಹೆಸರು ಮಾತ್ರ ಪಾರವ್ವನದಾಯಿತು, ಉಳಿದದ್ದೆಲ್ಲ ರಾಚಪ್ಪನದೇ. ಒಳಗೆ ಡಾಕ್ಟರಿಗೆ ಅವಸರ. ಪರದೆ ನೋಡಿ, "ಇದನ್ನೇ ಮುಂದುವರಿಸಿ" ಎಂದು ಚೀಟಿಗೆ ಸಹಿ ಹಾಕಿದರು.

ಪಾರವ್ವನಿಗೆ ಓದು ಬರುತ್ತಿರಲಿಲ್ಲ. ಚೀಟಿ ನೋಡಿದ ಸೊಸೆ, ಡಾಕ್ಟರು ಜಾಸ್ತಿ ಮಾಡಿದ್ದಾರೆ ಎಂದುಕೊಂಡು ಮರುದಿನ ಬೆಳಿಗ್ಗೆ ರಾಚಪ್ಪನಿಗೆ ಬರೆದಿದ್ದ ಹೆಚ್ಚಿನ ಪ್ರಮಾಣದ ಇನ್ಸುಲಿನ್ನನ್ನೇ ಅತ್ತೆಗೆ ಚುಚ್ಚಿದಳು. ಫ್ಯಾಕ್ಟರಿಯಲ್ಲಿ ಪಾರವ್ವ ಸಕ್ಕರೆ ತೀರಾ ಇಳಿದು ಮೆಷಿನ್ನಿನ ಮೇಲೆಯೇ ಕುಸಿದಳು. ಬಾಯಿಗೆ ಸಕ್ಕರೆ ನೀರು ಹಾಕಿದರೆ ಒಳಗೆ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಪ್ರಾಣವೇನೋ ಉಳಿಯಿತು, ಆದರೆ ಮಾತು ತೊದಲತೊಡಗಿತು. ಮೊದಲಿನ ಹಾಗೆ ಆಗುತ್ತದೆ ಎಂದು ಯಾವ ಡಾಕ್ಟರೂ ಧೈರ್ಯ ಹೇಳಲಿಲ್ಲ.

ಡಾಕ್ಟರು ಕ್ಲಿನಿಕ್ಕಿನ ಬಾಗಿಲು ಹಾಕಿಸಿ, ಸುಧೀಂದ್ರ ಮತ್ತು ನೀಲಾಂಬಿಕಾಳನ್ನು ಕರೆಸಿ ಹುಡುಕಿಸಿದಾಗ ಪೇಷಂಟುಗಳ ಸಂಖ್ಯೆ ಅರ್ಧಕ್ಕರ್ಧ ಕಮ್ಮಿಯಾಗಿತ್ತು. ತಾಯಿಯ ಸಕ್ಕರೆ ಮಗಳ ಹೆಸರಿನಲ್ಲಿ, ಬಾಡಿಗೆಯವರ ಮಾತ್ರೆ ಮನೆ ಓನರಿನ ಹೆಸರಿನಲ್ಲಿ. ಆ ಕಂಪ್ಯೂಟರು ತಾನಾಗಿಯೇ ಇಟ್ಟುಕೊಳ್ಳುತ್ತಿದ್ದ ಒಂದೇ ನಕಲಿನ ಮೇಲೆ ಹೊಸದು ಬಂದು ಕೂತು ಅದನ್ನೂ ನುಂಗಿತ್ತು. ಸುಧೀಂದ್ರ ಬೆವರು ಒರೆಸಿಕೊಳ್ಳುತ್ತ ನೀಲಾಂಬಿಕಾಳ ಮುಖ ನೋಡಿದರು. "ಆ ಕಾಪಿ ಇದೆಯೇನಮ್ಮ?"

ಇತ್ತು. ಅವಳು ಹೊಸ ಆವೃತ್ತಿ ತೆಗೆದುಹಾಕಿ, ಹಳೆಯದನ್ನು ಕೂರಿಸಿ, ತನ್ನ ಡಿಸ್ಕಿನಿಂದ ಎಲ್ಲವನ್ನೂ ವಾಪಸು ತುಂಬಿದಳು. ನಡುವೆ ಬಂದುಹೋದವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಚೀಟಿ ತರಿಸಿ, ದಾನಮ್ಮನ ಜೊತೆ ಕೂತು ಮತ್ತೆ ಬರೆದಳು. ಎಲ್ಲರೂ ಬೇರೆ ಬೇರೆಯಾಗಿ ತಮ್ಮ ತಮ್ಮ ಹೆಸರಿಗೆ ಮರಳಿದರು. ಡಾಕ್ಟರು ಅವಳ ಎರಡೂ ಕೈ ಹಿಡಿದುಕೊಂಡು, "ನೀನಿಲ್ದಿದ್ರೆ ನಾನು ಬಾಗಿಲು ಮುಚ್ಕೊಂಡು ಹೋಗ್ಬೇಕಿತ್ತು" ಎಂದರು.

ಆದರೆ ರುದ್ರೇಶ ಸುಮ್ಮನಿರಲಿಲ್ಲ. ಅಮ್ಮನ ಗತಿಗೆ ಕಾರಣ ಯಾರೆಂದು ಪತ್ತೆ ಮಾಡಿ ಎಂದು ಪೊಲೀಸರಿಗೆ ದೂರು ಕೊಟ್ಟ. ಡಾಕ್ಟರು ವಕೀಲರನ್ನು ಇಟ್ಟರು. ಆ ವಕೀಲರು ಎಲ್ಲವನ್ನೂ ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದರು: ಪೇಷಂಟುಗಳ ಕಾಯಿಲೆಯ ವಿವರವೆಲ್ಲ ಹೊರಗಿನ ಹುಡುಗಿಯೊಬ್ಬಳ ಬ್ಯಾಗಿಗೆ ಹೋಗಿದ್ದು ಹೇಗೆ?

ಅಲ್ಲಿಂದ ಎಲ್ಲರ ಧಾಟಿ ಬದಲಾಯಿತು. ನೀಲಾಂಬಿಕಾಳನ್ನು ಡಾಕ್ಟರ ರೂಮಿಗೆ ಕರೆಸಿದರು. ಸುಧೀಂದ್ರ ಮತ್ತು ವಕೀಲರು ಆಗಲೇ ಅಲ್ಲಿ ಕೂತಿದ್ದರು.

"ಕಾಪಿ ತಗೊಂಡಿದ್ದು ನನಗೆ ಗೊತ್ತೇ ಇರಲಿಲ್ಲ" ಎಂದರು ಸುಧೀಂದ್ರ, ಅವಳನ್ನು ನೋಡದೆ.

"ಸಾರ್, ನಾನೇ ಫೋನ್ ಮಾಡಿ ಹೇಳ್ದೆ."

"ಎಷ್ಟೋ ಫೋನ್ ಬರುತ್ತಮ್ಮ. ಕ್ಲಿನಿಕ್ಕಿನ ಡೇಟಾನ ಸ್ವಂತ ಡಿಸ್ಕಿಗೆ ಹಾಕ್ಕೋ ಅಂತ ನಾನು ಹೇಳಿದ್ನಾ?"

"ದಾನಮ್ಮಕ್ಕನ್ನ ಕೇಳಿ ಮೇಡಂ" ಎಂದು ನೀಲಾಂಬಿಕಾ ಡಾಕ್ಟರ ಕಡೆ ತಿರುಗಿದಳು. "ಅವ್ರನ್ನ ಕೇಳೇ ತಗೊಂಡೆ."

ದಾನಮ್ಮನನ್ನು ಕರೆದರು. ಪಾರವ್ವನ ಹೆಸರು ತಿದ್ದಿದ ಕೈ ಯಾರದು ಎಂದು ವಕೀಲರು ಹಿಂದಿನ ದಿನವಷ್ಟೇ ಆಕೆಯನ್ನು ಕೇಳಿ ಬೆವರಿಳಿಸಿದ್ದರು. ಬಾಗಿಲ ಹತ್ತಿರವೇ ನಿಂತು ದಾನಮ್ಮ ಹೇಳಿದಳು: "ಈಕಿ ಕಂಪ್ಯೂಟರಿಗೆ ಏನೋ ಒಂದು ಚುಚ್ಚಿದ್ದು ನೋಡೇನ್ರೀ ಮೇಡಂ. ಯಾತಕ್ಕಂತ ನನಗ ಗೊತ್ತಿಲ್ರೀ."

ಸುಧೀಂದ್ರರ ಸುಳ್ಳನ್ನು ನೀಲಾಂಬಿಕಾ ನಿರೀಕ್ಷಿಸಿದ್ದಳು. ಇದನ್ನು ನಿರೀಕ್ಷಿಸಿರಲಿಲ್ಲ.

ಡಿಸ್ಕನ್ನು ಅವಳಿಂದಲೇ ತೆಗೆಸಿ, ಅವಳೆದುರಿಗೇ ಅಳಿಸಿದರು. ಅದರಲ್ಲಿ ಅವಳ ಅಕ್ಕನ ಮಗುವಿನ ನಾಮಕರಣದ ಫೋಟೋಗಳೂ ಇದ್ದವು. ಅವನ್ನು ತೆಗೆದುಕೊಳ್ಳಲು ಒಂದು ನಿಮಿಷ ಕೇಳಿದಾಗ ವಕೀಲರು ಬೇಡವೆಂದರು. ಕೇಸು ಹಾಕುವುದಿಲ್ಲ, ಕೆಲಸ ಬಿಟ್ಟು ಹೋದರೆ ಸಾಕು ಎಂದು ಡಾಕ್ಟರು ಉಪಕಾರದ ಧ್ವನಿಯಲ್ಲಿ ಹೇಳಿದರು. ಇನ್ನು ಮುಂದೆ ಯಾರೂ ಯಾವ ಕಾರಣಕ್ಕೂ ಕ್ಲಿನಿಕ್ಕಿನ ಡೇಟಾದ ನಕಲು ತೆಗೆಯುವ ಹಾಗಿಲ್ಲ ಎಂದು ಸುಧೀಂದ್ರ ಅಲ್ಲೇ ಒಪ್ಪಿಕೊಂಡರು.

"ಹಾಗಾದ್ರೆ ಮುಂದಿನ ಸಲ ಕೆಟ್ಟರೆ ಏನ್ ಮಾಡ್ತೀರ ಸಾರ್?" ಎಂದಳು ನೀಲಾಂಬಿಕಾ. ವಕೀಲರು ಬಾಗಿಲ ಕಡೆ ಕೈ ತೋರಿಸಿದರು.

ಮೆಟ್ಟಿಲಿಳಿಯುವಾಗ ದಾನಮ್ಮ ಹಿಂದೆಯೇ ಬಂದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ಸಿಟ್ಟಾಗಬ್ಯಾಡ ತಂಗಿ. ಹೌದು ಅಂದಿದ್ರ ನನ್ನೂ ತೆಗೀತಿದ್ರು. ಮನಿಯಾಗ ದುಡಿಯಾಕಿ ನಾ ಒಬ್ಬಾಕಿ."

"ನನ್ನ ಬಗ್ಗೆ ಬಿಡ್ರೀ ಅಕ್ಕಾ. ನಾಳೆ ಹೊಸಬರು ಯಾರಾರ ಬಂದು ಏನಾರ ಹಾಕಾಕ ಕುಂತ್ರ, ಕಾಪಿ ತಗೊಂಡಿರೇನು ಅಂತ ಒಂದ್ ಮಾತು ಕೇಳ್ರಿ. ಇನ್ನೊಬ್ಬ ಪಾರವ್ವ ಆಗೋದು ಬ್ಯಾಡ."

ದಾನಮ್ಮ ಮೇಲಿನ ಬಾಗಿಲ ಕಡೆ ಒಮ್ಮೆ ನೋಡಿದಳು. "ಅದನ್ನೆಲ್ಲ ನಾ ಕೇಳಿದ್ರ ನನ್ನ ಮ್ಯಾಲ ಬರ್ತದವ್ವಾ" ಎಂದು ಹೇಳಿ ಒಳಗೆ ಹೋದಳು.

ನೀಲಾಂಬಿಕಾ ಮಾಗಡಿ ರೋಡಿನವರೆಗೂ ನಡೆದೇ ಹೋದಳು. ಬಸ್ಸು ತುಂಬಿತ್ತು. ಶಿಫ್ಟು ಮುಗಿಸಿದ ಹೆಂಗಸರ ನಡುವೆ ಕಂಬಿ ಹಿಡಿದು ನಿಂತು, ಅಕ್ಕನಿಗೆ ಫೋಟೋಗಳ ವಿಷಯ ಮೊದಲು ಹೇಳಬೇಕೋ, ಕೆಲಸ ಹೋದದ್ದು ಮೊದಲು ಹೇಳಬೇಕೋ ಎಂದು ಯೋಚಿಸತೊಡಗಿದಳು.