ಎತ್ತಿದ ಕೈಗಳು

"ಆ ಕಡೇದು ನಂಗೆ ಕೊಡೇ," ಎಂದು ಸ್ಟಾಫ್ ರೂಮಿನಲ್ಲಿ ಜೊತೆಯ ಟೀಚರ್ ಫಾದಿಯಾ ಇಯರ್‌ಫೋನಿನ ಒಂದು ತುದಿಯನ್ನು ಕಿತ್ತುಕೊಂಡು ತನ್ನ ಹಿಜಾಬಿನೊಳಗೆ ತೂರಿಸಿಕೊಂಡಳು. "ಹುಡುಗೀರು ನಿನ್ನ ಹೊಗಳೋದನ್ನ ನಾನೂ ಕೇಳ್ಬೇಕು."

ಇಬ್ತಿಹಾಲ್ ಬೇಡವೆನ್ನಲಿಲ್ಲ. ಜೋರ್ಡಾನಿನ ಇರ್ಬಿದ್‌ನ ಆ ಹೆಣ್ಣುಮಕ್ಕಳ ಶಾಲೆಯಲ್ಲಿ ವರ್ಷಗಟ್ಟಲೆ ರಸಾಯನಶಾಸ್ತ್ರ ಕಲಿಸಿ, ನಲವತ್ತು ದಾಟಿದ ಮೇಲೆ ಶಿಕ್ಷಣಶಾಸ್ತ್ರದ ಎಂ.ಎ.ಗೆ ಸೇರಿದವಳು ಅವಳು. ಮಕ್ಕಳಿಗೆ ಕಲಿಯುವ ಹುಮ್ಮಸ್ಸು ಎಲ್ಲಿಂದ ಬರುತ್ತದೆ ಎಂಬುದು ಅವಳ ಪ್ರಬಂಧದ ವಿಷಯ. ಪ್ರಶ್ನಾವಳಿ ಹಂಚಿದರೆ ಇಡೀ ತರಗತಿ 'ಸಂಪೂರ್ಣ ಒಪ್ಪುತ್ತೇನೆ' ಎಂಬಲ್ಲಿಗೇ ಗುರುತು ಹಾಕಿ ಕೊಟ್ಟಿತ್ತು. ಮಾರ್ಗದರ್ಶಕರು ಅದನ್ನು ಪಕ್ಕಕ್ಕೆ ತಳ್ಳಿದ್ದರು. "ಇದು ಮರ್ಯಾದೆಗೆ ಹಾಕಿದ ಗುರುತು, ಇಬ್ತಿಹಾಲ್. ಗುಂಪಲ್ಲಿ ಕೂರಿಸಿ ಮಾತಾಡಿಸಿ, ರೆಕಾರ್ಡ್ ಮಾಡಿ. ಗುರುವಾರದೊಳಗೆ ನಿಜವಾದ ಮಾತು ತರದಿದ್ರೆ ಈ ವರ್ಷ ಹೋದ ಹಾಗೇ."

ನಿನ್ನೆ ಪ್ರಯೋಗಶಾಲೆಯಲ್ಲಿ ಆರು ಹುಡುಗಿಯರನ್ನು ಕೂರಿಸಿ, ನಡುವೆ ಫೋನಿಟ್ಟು ಕೇಳಿದ್ದಳು. ಅಲ್ಲೂ ಅದೇ ಗಿಳಿಪಾಠ. ಆಗ ಅವಳಿಗೆ ಅದೇನು ಬುದ್ಧಿ ಬಂತೋ! "ಆಯ್ತು, ಆಫ್ ಮಾಡಿದೀನಿ. ತಿಂತಾ ಇರಿ, ಚಹಾ ತರ್ತೀನಿ," ಎಂದವಳು ಆಫ್ ಮಾಡದೆಯೇ ಫೋನನ್ನು ಬೋರಲು ಹಾಕಿ ಹೊರಗೆ ಬಂದಿದ್ದಳು.

ಈಗ ಕಿವಿಯಲ್ಲಿ ಮೊದಲು ಕಾಗದದ ಸರಬರ, ಜಾತರ್ ಸೊಪ್ಪಿನ ಪುಡಿ ಹಚ್ಚಿದ ರೊಟ್ಟಿ ಹರಿದು ಹಂಚಿಕೊಳ್ಳುವ ಗಲಾಟೆ. ಆಮೇಲೆ ಯಾರೋ ಇಬ್ತಿಹಾಲಳ ದನಿಯನ್ನೇ ಅಣಕಿಸುತ್ತ, "ನೋಡ್ರಮ್ಮ, ಇದು ಪರೀಕ್ಷೆಗಲ್ಲ, ಬದುಕಿಗೆ!" ಎಂದಳು. ನಗುವೋ ನಗು. ಫಾದಿಯಾಳೂ ಕಿಸಕ್ಕೆಂದಳು.

"ತಾಲಾನೇ ಇದು, ತರಲೆ," ಎಂದು ಇಬ್ತಿಹಾಲಳೂ ನಕ್ಕಳು. ಇಷ್ಟಕ್ಕೆಲ್ಲ ಮುನಿಸಿಕೊಳ್ಳುವವಳಲ್ಲ ಅವಳು.

"ಮೆಲ್ಲಗೇ! ಫೋನ್ ಇಲ್ಲೇ ಇದೆ," ಎಂದಳು ಇನ್ನೊಬ್ಬಳು.

"ಆಫ್ ಮಾಡಿದೀನಿ ಅಂದ್ರಲ್ಲ." ಇದು ಮೊದಲ ಬೆಂಚಿನ ಲುಜೈನ್. "ಮಿಸ್ ಸುಳ್ಳು ಹೇಳಲ್ಲ."

ಇಬ್ತಿಹಾಲಳ ನಗು ಅಲ್ಲೇ ನಿಂತಿತು.

"ನಂಗಂತೂ ಆ ಕ್ಲಾಸಲ್ಲಿ ಕಣ್ಣೇ ಎಳೆಯತ್ತೆ," ಎಂದಳು ತಾಲಾ.

"ಎಲ್ರಿಗೂ ಎಳೆಯತ್ತೆ ಕಣೇ," ಎಂದಿತು ಲುಜೈನಳ ದನಿ. "ಹಂಗಂತ ಹೇಳಿಬಿಟ್ರೆ ಪಾಪ, ಅವರು ಫೇಲ್ ಆಗಲ್ವಾ? ಈ ವಯಸ್ಸಲ್ಲಿ ಮನೆ, ಮಕ್ಕಳು ಅಂತ ಒದ್ದಾಡ್ಕೊಂಡು ಓದ್ತಿದಾರೆ. ಕೆಮಿಸ್ಟ್ರಿ ಅಂದ್ರೆ ಪ್ರಾಣ ಅಂತ್ಲೇ ಹೇಳೋಣ. ಕ್ಲಾಸಲ್ಲೂ ಅಷ್ಟೇ, ಏನು ಕೇಳಿದ್ರೂ ಎಲ್ರೂ ಕೈ ಎತ್ತಿ. ಗೊತ್ತಿಲ್ದಿದ್ರೂ ಎತ್ತಿ. ಕೈ ನೋಡಿದ್ರೆ ಮಿಸ್ ಮುಖ ಹೆಂಗರಳತ್ತೆ, ನೋಡಿದೀರಾ?"

ಫಾದಿಯಾ ಇಯರ್‌ಫೋನು ತೆಗೆದು ಮೇಜಿನ ಮೇಲಿಟ್ಟಳು.

"ಹೋಗ್ಲಿ ಬಿಡೇ, ಮಕ್ಕಳು. ಒಂದು ಲೆಕ್ಕಕ್ಕೆ, ನಿನ್ನ ಗೈಡ್ ಕೇಳಿದ ನಿಜವಾದ ಮಾತು ಇದೇ ತಾನೆ? ಹೆಸರು ತೆಗೆದು ಬರೆದ್ಹಾಕು. ವರ್ಷ ಉಳಿಯತ್ತೆ."

"ಬೈದಿದ್ರೆ ಬರೀತಿದ್ದೆ, ಫಾದಿಯಾ." ಇಬ್ತಿಹಾಲ್ ತನ್ನ ಕಿವಿಯದನ್ನೂ ಕಿತ್ತಿಟ್ಟಳು. "ನನ್ನ ಉಳಿಸೋಕೆ ಸುಳ್ಳು ಹೇಳೋಣ ಅಂತ ಕೂತಿದಾವೆ ಅವು. ನಾನು ಅವಕ್ಕೇ ಸುಳ್ಳು ಹೇಳಿ ಬಂದಿದೀನಿ. ಥೂ ನನ್ನ! ಇದನ್ನ ಅಳಿಸಿಬಿಡ್ತೀನಿ."

"ಅಳಿಸಿದ್ರೆ ಗುರುವಾರ ಏನು ತೋರಿಸ್ತೀಯಾ?"

ಇಬ್ತಿಹಾಲ್ ಫೋನು ಕೈಗೆತ್ತಿಕೊಂಡಳು. ಬೆರಳು ಒತ್ತಿ ಅಳಿಸಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ತರಗತಿಗೆ ಹೋದವಳು ಅಭ್ಯಾಸಬಲದಿಂದ ಫೋನನ್ನು ಮೇಜಿನ ಮೇಲಿಟ್ಟಳು.

"ಮಿಸ್, ಇವತ್ತೂ ರೆಕಾರ್ಡಾ?" ಎಂದಳು ಲುಜೈನ್.

"ಇಲ್ಲಮ್ಮ. ಆಫ್ ಆಗಿದೆ."

"ಸರಿ ಮಿಸ್." ಮರುಮಾತಿಲ್ಲದೆ ನಂಬಿಬಿಟ್ಟಳು, ನಿನ್ನೆಯ ಹಾಗೆಯೇ.

ಹೇಳಿಬಿಡಬೇಕು, ಕ್ಷಮಿಸಿ ಎನ್ನಬೇಕು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದಳು. ಕರಿಹಲಗೆಗೆ ಬೆನ್ನು ಕೊಟ್ಟು ನಿಂತಳು.

"ಮಕ್ಕಳೇ, ಇವತ್ತು ನಿಮ್ಮನ್ನ ಒಂದು ಕೇಳ್ಬೇಕು..."

ಮಾತು ಮುಗಿಯುವ ಮೊದಲೇ ಕೈಗಳು ಮೇಲೆದ್ದವು. ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ, ಒಂದೂ ಉಳಿಯದೆ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ತಾಲಾ, ಸೋಲುತ್ತಿದ್ದ ಬಲಗೈಗೆ ಎಡಗೈಯ ಆಸರೆ ಕೊಟ್ಟು, ಅದನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದಿದ್ದಳು.